ಹಂಪಿ ಬಿಸಿಲಿಗೆ ಯಾವ ರೀಲು? ಗೋಲ್ಡ್, ಎಕ್ಟಾರ್, ಪೋರ್ಟ್ರಾ ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಡಾಕ್ ಗೋಲ್ಡ್ 200 ಪಾರ್ಟಿ. ಮೂರೂ ಕೊಡಾಕ್‌ನ ಕಲರ್ ಫಿಲ್ಮ್ ರೀಲುಗಳೇ, ಹೆಸರಿನ ಮುಂದಿನ ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ಹೋದ ವರ್ಷ ಮೇ ತಿಂಗಳಲ್ಲಿ ಹಂಪಿಗೆ ಹೊರಟಾಗ ಎಕ್ಟಾರ್ 100 ಐದು ರೀಲು ಕೊಂಡೆ. ವಾಪಸ್ ಬಂದು ಸ್ಕ್ಯಾನ್ ನೋಡಿದ ಮೇಲೆ ಪಾರ್ಟಿ ಬದಲಾಯಿಸಿದೆ.

ನನ್ನ ಕ್ಯಾಮೆರಾ ಚಿಕ್ಕಪ್ಪ ಕೊಟ್ಟ ಪೆಂಟಾಕ್ಸ್ ಕೆ1000. ಎಲ್ಲ ಕೈಯಲ್ಲೇ ತಿರುಗಿಸಬೇಕು. ಶಟರ್ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ವೇಗವಾಗಿ ಓಡಲ್ಲ. ಒಳಗೆ ಬೆಳಕು ಅಳೆಯುವ ಮೀಟರ್ ಮುಳ್ಳು ಇನ್ನೂ ಆಡುತ್ತದೆ, ಆದರೆ ಅದು ಪಾಪ, ಫ್ರೇಮಿನಲ್ಲಿ ಆಕಾಶ ಜಾಸ್ತಿ ಬಂದರೆ ಮೋಸ ಹೋಗುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಎಕ್ಟಾರ್ ಮೇಲೆ ಆಸೆ ಹುಟ್ಟಿದ್ದು ಅದರ ನಯಕ್ಕೆ. ಗ್ರೇನ್, ಅಂದರೆ ಫೋಟೋದಲ್ಲಿ ಕಾಣುವ ಮರಳಿನಂಥ ಚುಕ್ಕಿ, ಹುಡುಕಿದರೂ ಸಿಗುವುದು ಕಷ್ಟ, ಬಣ್ಣ ಗಾಢ. ಬೆಂಗಳೂರಿನ ಮನೆ ತಾರಸಿಯಲ್ಲಿ ಬೆಳಗ್ಗೆ ಏಳು ಗಂಟೆಗೆ ದಾಸವಾಳದ ಫೋಟೋ ತೆಗೆದು ನೋಡಿದ್ದೆ, ಮರುಳಾಗಿದ್ದೆ. ಹಂಪಿಯ ಬಂಡೆ, ತುಂಗಭದ್ರಾ, ಹರಿಗೋಲು ಎಲ್ಲ ಹೀಗೇ ಬರುತ್ತದೆ ಅಂದುಕೊಂಡೆ. ಆದರೆ ಬೆಳಗ್ಗೆ ಏಳರ ಬಿಸಿಲು ಬೇರೆ, ಹಂಪಿಯ ಮಧ್ಯಾಹ್ನದ ಬಿಸಿಲು ಬೇರೆ ಅಲ್ವಾ? ನಮ್ಮ ಕಡೆ ಬೇಸಿಗೆಯಲ್ಲಿ ಸೂರ್ಯ ನೆತ್ತಿ ಮೇಲೇ ನಿಲ್ಲುತ್ತಾನೆ. ಬೆಂಗಳೂರಿನಲ್ಲೇ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳಲ್ಲ. ಅಂಥ ಬೆಳಕಿನಲ್ಲಿ ಮನುಷ್ಯರ ಫೋಟೋ ತೆಗೆದರೆ ಹಣೆ ಹೊಳೆಯುತ್ತದೆ, ಕಣ್ಣು ಗುಳಿಯೊಳಗೆ ಮಾಯವಾಗುತ್ತದೆ.

ಹಂಪಿ ಬಜಾರಿನ ಕಲ್ಲು ಮಂಟಪದ ನೆರಳಿನಲ್ಲಿ ಅಮ್ಮ ಕೂತು ಕಲ್ಲಂಗಡಿ ತಿನ್ನುತ್ತಿದ್ದರು. ಕೆನೆ ಬಣ್ಣದ ಕಾಟನ್ ಸೀರೆ. ಹಿಂದೆ ಬಿಳಿಬಿಳಿ ಸುಡುವ ರಸ್ತೆ. ಮುಳ್ಳು ನೋಡಿದೆ, ಸರಿಯಾಗಿ ಮಧ್ಯದಲ್ಲಿತ್ತು, ಒತ್ತಿದೆ. ಸ್ಕ್ಯಾನ್ ಬಂದಾಗ ಸೀರೆ ನೀಲಿ ಜಾಸ್ತಿ ಹಾಕಿ ಒಗೆದ ಹಾಗಿತ್ತು. ಕಂಬದ ಬುಡವೂ ನೀಲಿ, ಕಲ್ಲಂಗಡಿ ಹಿಡಿದ ಕೈಯೂ ನೀಲಿ. ಅದೇ ರೀಲಿನಲ್ಲಿ ಬಿಸಿಲಿಗೆ ನಿಲ್ಲಿಸಿ ತೆಗೆದ ಇನ್ನೊಂದರಲ್ಲಿ ಉಲ್ಟಾ. ಅಮ್ಮ ಫೋನ್ ಹಿಡಿದು ನೋಡಿ, "ಇದೇನೋ, ಮುಖಕ್ಕೆ ಕಾವಿ ಬಳಿದಿದ್ದೀಯ" ಅಂದರು.

ನಾನು ನೇರ ಲ್ಯಾಬ್‌ಗೆ ಹೋಗಿ ಜಗಳ ತೆಗೆದೆ. ಕೆಮಿಕಲ್ ಹಳೆಯದು, ಸ್ಕ್ಯಾನರ್ ಸರಿಯಿಲ್ಲ, ಬಾಯಿಗೆ ಬಂದಿದ್ದೆಲ್ಲ ಹೇಳಿದೆ. ಅಲ್ಲಿದ್ದ ಹುಡುಗ ಏನೂ ಮಾತಾಡದೆ ನನ್ನ ನೆಗೆಟಿವ್ ತೆಗೆದು ದೀಪದ ಪೆಟ್ಟಿಗೆ ಮೇಲೆ ಇಟ್ಟ. ಅಮ್ಮನ ಸೀರೆ ಇರಬೇಕಾದ ಜಾಗ ತೆಳ್ಳಗೆ, ಹೆಚ್ಚುಕಡಿಮೆ ಖಾಲಿ, ಬರೀ ಕಿತ್ತಳೆ ತಳ. ರಸ್ತೆ ಇರುವ ಕಡೆ ದಪ್ಪ ಕಪ್ಪು. ನೆಗೆಟಿವ್‌ನಲ್ಲಿ ಬೆಳಕು ಬಿದ್ದಷ್ಟೂ ಕಪ್ಪು ತಾನೇ. "ನೆರಳಿಗೆ ಬೆಳಕೇ ಸಾಲಿಲ್ಲ ಸಾರ್" ಅಂದ. ಮೀಟರ್ ರಸ್ತೆಯ ಹೊಳಪು ನೋಡಿ ಕಡಿಮೆ ಬೆಳಕು ಸಾಕು ಅಂದಿತ್ತು. ಎಕ್ಟಾರ್‌ಗೆ ಬೆಳಕು ಕಡಿಮೆಯಾದರೆ ನೆರಳು ನೀಲಿಗೆ ಓಡುತ್ತದೆ. ಸಾಲದ್ದಕ್ಕೆ ಮಂಟಪದೊಳಗೆ ಬಂದ ಬೆಳಕೆಲ್ಲ ನೀಲಿ ಆಕಾಶದ್ದು. ಸ್ಕ್ಯಾನ್‌ನಲ್ಲಿ ಬಣ್ಣ ಎಷ್ಟು ಎಳೆದರೂ ನೆರಳು ಸರಿಮಾಡಲು ಹೋದರೆ ಬಿಸಿಲು ಕೆಡುತ್ತದೆ. ಕ್ಷಮೆ ಕೇಳಿ, ದುಡ್ಡು ಕೊಟ್ಟು ಬಂದೆ.

ಇದಕ್ಕೆ ಮದ್ದಿಲ್ಲ ಅಂತಲ್ಲ. ನೆರಳಿನ ಹತ್ತಿರ ಹೋಗಿ ಮೀಟರ್ ನೋಡಿ, ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು) ಜಾಸ್ತಿ ಕೊಟ್ಟು, ಬೇಕಾದರೆ ನೀಲಿ ತಗ್ಗಿಸುವ 81ಎ ಥರದ ತೆಳು ಹಳದಿ ಫಿಲ್ಟರ್ ಹಾಕಿದರೆ ಎಕ್ಟಾರ್ ಚೆನ್ನಾಗಿಯೇ ಕೊಡುತ್ತದೆ. ಆದರೆ ನಾನು ಹೋಗುವುದು ಮನೆಯವರ ಜೊತೆ. "ಬೇಗ ತೆಗಿ, ಕಾಲು ಸುಡ್ತಿದೆ" ಅನ್ನುವವರ ಮುಂದೆ ಈ ಪೂಜೆಯೆಲ್ಲ ನಡೆಯಲ್ಲ.

ಗೋಲ್ಡ್ ಈ ವಿಷಯದಲ್ಲಿ ಎಮ್ಮೆ ಥರ, ಏನು ಹಾಕಿದರೂ ಅರಗಿಸಿಕೊಳ್ಳುತ್ತದೆ. ಡಬ್ಬಿ ಮೇಲೆ 200 ಅಂತಿದ್ದರೂ ಎಷ್ಟರ ರೀಲು ಅಂತ ಕ್ಯಾಮೆರಾಗೆ ಹೇಳುವ ಡಯಲ್ ನಾನು 100ಕ್ಕೆ ಇಡುತ್ತೇನೆ. ಅಂದರೆ ಪ್ರತಿ ಫ್ರೇಮಿಗೂ ಒಂದು ಸ್ಟಾಪ್ ಧಾರಾಳ. ಡಿಸೆಂಬರಿನಲ್ಲಿ ಮತ್ತೆ ಹಂಪಿಗೆ ಹೋಗಿ ಅದೇ ಮಂಟಪದಲ್ಲಿ ಅಮ್ಮನನ್ನು ಕೂರಿಸಿದೆ. ಬಿಸಿಲು ಮೇ ತಿಂಗಳಿನಷ್ಟು ಕಡು ಇರಲಿಲ್ಲ, ಆ ಲೆಕ್ಕ ಬಿಡಬೇಕು. ಆದರೂ ಚರ್ಮದ ಬಣ್ಣ ಚರ್ಮದ ಹಾಗೇ ಬಂತು, ನೆರಳಿನಲ್ಲಿ ಸೀರೆಯ ಮಡಿಕೆ ಎಣಿಸಬಹುದು. ಒಟ್ಟಾರೆ ಸ್ವಲ್ಪ ಹಳದಿ ಕಡೆಗೆ ವಾಲುತ್ತದೆ. ಕಲ್ಲು, ಮಣ್ಣು, ಸಂಜೆ ಬಿಸಿಲಿಗೆ ಅದು ಒಳ್ಳೆಯದೇ. ಗ್ರೇನ್ ಕಾಣುತ್ತದೆ, ನನಗೆ ತೊಂದರೆಯಿಲ್ಲ.

ಗೋಲ್ಡ್ ಸೋತದ್ದು ಆಗುಂಬೆಯಲ್ಲಿ. ಜುಲೈ ಮಳೆ, ಕಾಡೊಳಗೆ ಕತ್ತಲು. ಬೆಳಕು ಸಾಲದೆ ಹೋದರೆ ಗೋಲ್ಡ್ ಕೆಸರು ಕೆಸರಾಗುತ್ತದೆ, ಹಸಿರೆಲ್ಲ ಒಣಹುಲ್ಲಿನ ಬಣ್ಣ. ಅಲ್ಲಿ ಪೋರ್ಟ್ರಾ 400ರ ಒಂದೇ ರೀಲು ಹಾಕಿದ್ದೆ. ಪಾಚಿ ಪಾಚಿಯಂತೆ ಬಂತು, ಮಂಜಿನ ಬಿಳಿ ಬಿಳಿಯಾಗೇ ಉಳಿಯಿತು. ಎರಡು ಸ್ಟಾಪ್ ಜಾಸ್ತಿ ಕೊಟ್ಟರೂ ಮುನಿಸಿಕೊಳ್ಳದ ರೀಲು ಅದು, ಒಪ್ಪುತ್ತೇನೆ. ಆದರೆ ನಡು ಬಿಸಿಲಿನಲ್ಲಿ ನನ್ನ ಕ್ಯಾಮೆರಾಗೆ 400 ಭಾರ. ಶಟರ್ ಕೊನೆ ಮುಟ್ಟಿದರೂ ಲೆನ್ಸಿನ ಕಂಡಿಯನ್ನು ಎಫ್ 11ಕ್ಕಿಂತ ದೊಡ್ಡದಾಗಿ ತೆರೆಯಲಾಗದು. ಕಂಡಿ ದೊಡ್ಡದಾಗದೆ ಹಿಂದಿನ ಜನಜಂಗುಳಿ ಮಸುಕು ಮಾಡಬೇಕೆಂದರೆ ಆಗಲ್ಲ. ಜೊತೆಗೆ ನಾನು ಕೊಂಡಾಗ ಒಂದು ಪೋರ್ಟ್ರಾ ದುಡ್ಡಿಗೆ ಹತ್ತಿರ ಹತ್ತಿರ ಎರಡು ಗೋಲ್ಡ್ ಬರುತ್ತಿತ್ತು.

ನೆಗೆಟಿವ್ ಬದಲು ನೇರ ಚಿತ್ರವೇ ಮೂಡುವ ಸ್ಲೈಡ್ ಫಿಲ್ಮ್ ಯಾಕಿಲ್ಲ ಅಂತ ಕೇಳಬೇಡಿ. ಅರ್ಧ ಸ್ಟಾಪ್ ತಪ್ಪಿದರೂ ಎದ್ದು ಕಾಣುತ್ತದೆ, ಮೇಲಿನ ಕಥೆ ಓದಿದವರಿಗೆ ನನ್ನ ಮೀಟರ್ ಗೊತ್ತು.

ಯಾವುದೇ ರೀಲಾದರೂ ಸೆಕೆ ಆಗಲ್ಲ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಂತೂ ಇಡಲೇಬೇಡಿ. ನಮ್ಮ ಮನೆಯಲ್ಲಿ ರೀಲು ಇರುವುದು ಫ್ರಿಜ್ಜಿನ ಬೆಣ್ಣೆ ಖಾನೆಯಲ್ಲಿ, ಹಸಿಮೆಣಸಿನಕಾಯಿ ಪಕ್ಕ. ಮಲ್ಪೆಯಲ್ಲಿ ಒಮ್ಮೆ ರೂಮಿನ ಫ್ರಿಜ್ಜಿನಿಂದ ತೆಗೆದು ತಕ್ಷಣ ಡಬ್ಬಿ ಬಿಚ್ಚಿದೆ. ತಣ್ಣನೆ ಸ್ಟೀಲ್ ಲೋಟದ ಮೇಲೆ ಕೂರುವ ಹಾಗೆ ಹನಿ ಕೂತಿತು. ಈಗ ಮುಚ್ಚಿದ ಡಬ್ಬಿಯನ್ನು ಒಂದೂವರೆ ಗಂಟೆ ಹೊರಗೆ ಸುಮ್ನೆ ಬಿಡುತ್ತೇನೆ, ಆಮೇಲೆ ಮುಚ್ಚಳ ತೆಗೆಯುವುದು. ತೆಗೆದ ರೀಲನ್ನೂ ತಿಂಗಳುಗಟ್ಟಲೆ ಇಟ್ಟುಕೊಳ್ಳದೆ ಬೇಗ ತೊಳೆಸುತ್ತೇನೆ.

ಮೆಟ್ರೋದ ಎಕ್ಸ್‌ರೇ ಬಗ್ಗೆ ಗೆಳೆಯರು ಹೆದರಿಸುತ್ತಾರೆ. 200ರ ರೀಲು ಒಂದೆರಡು ಸಲ ಹಾದರೆ ಏನೂ ಆಗಿಲ್ಲ. ವಿಮಾನ ನಿಲ್ದಾಣದ ಹೊಸ ಸಿ.ಟಿ. (ಆಸ್ಪತ್ರೆಯಲ್ಲಿರುವ ಥರದ) ಸ್ಕ್ಯಾನರ್ ಮಾತ್ರ ಬೇರೆ, ಅದು ಒಂದೇ ಸಲಕ್ಕೆ ರೀಲು ಕೆಡಿಸಬಹುದು. ಅಲ್ಲಿ ಪಾರದರ್ಶಕ ಚೀಲದಲ್ಲಿ ಹಾಕಿ ಕೈಯಿಂದ ನೋಡಿ ಅಂತ ಕೇಳಬೇಕು.

ತಿಂಗಳಿಗೆ ಎರಡು ರೀಲಿನ ಮೇಲೆ ನನ್ನ ಜೇಬು ತಾಳಲ್ಲ, ಹಾಗಾಗಿ ಎರಡೂ ಗೋಲ್ಡ್. ಮಳೆಗಾಲಕ್ಕೆ ಒಂದು ಪೋರ್ಟ್ರಾ. ಆ ಐದು ಎಕ್ಟಾರ್‌ನಲ್ಲಿ ಒಂದು ಇನ್ನೂ ಬೆಣ್ಣೆ ಖಾನೆಯಲ್ಲಿದೆ. ಮಲ್ಪೆ ಬಂದರಿನ ಕೆಂಪು-ನೀಲಿ ದೋಣಿಗಳಿಗೆ ಅದಕ್ಕಿಂತ ಒಳ್ಳೆ ರೀಲಿಲ್ಲ. ದೋಣಿಗೆ ಮುಖದ ಚಿಂತೆಯೂ ಇಲ್ಲ.