ಎಲ್ಲರಿಗೂ ಕೇಳಿಸುತ್ತೆ ಅಲ್ವಾ? ನಮ್ಮ ವಿಶ್ವವಿದ್ಯಾಲಯದ ಸಮಾನತೆ ಕಾರ್ಯಕ್ರಮ, ಮೂರು ವರ್ಷ ಬಳಸಿದ ಮೇಲೆ

"ಮೈಕ್ ಬೇಡ ಬಿಡಿ, ನನ್ನ ದನಿ ಜೋರಾಗಿಯೇ ಇದೆ. ಎಲ್ಲರಿಗೂ ಕೇಳಿಸುತ್ತೆ ಅಲ್ವಾ?"

ಯಾವ ಸೆಮಿನಾರಿಗೆ ಹೋದರೂ ಒಬ್ಬರಾದರೂ ಹೀಗೆ ಕೇಳುತ್ತಾರೆ. ಕೂತವರೆಲ್ಲ ತಲೆಯಾಡಿಸುತ್ತಾರೆ. ಮಾತು ಶುರುವಾಗುತ್ತದೆ. ಕೇಳಿಸದವರಿಗೆ ಆ ಪ್ರಶ್ನೆಯೇ ಕೇಳಿಸಿರುವುದಿಲ್ಲ. ಹೇಗೋ ಗೊತ್ತಾದರೂ, ಅರವತ್ತು ಜನರ ನಡುವೆ ಎದ್ದು ನಿಂತು "ನನಗೆ ಕೇಳಿಸಲ್ಲ ಸರ್" ಅನ್ನಬೇಕು. ಸೇರಿದ ಮೊದಲ ವರ್ಷ ನಾನು ಒಂದು ಸಲವೂ ಹಾಗೆ ಎದ್ದವಳಲ್ಲ.

ಒಂಬತ್ತನೇ ವಯಸ್ಸಿನಿಂದ ನನ್ನ ಎರಡೂ ಕಿವಿಗೆ ಮಷೀನು. ಈಗ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ ಮುಗಿಯುತ್ತಾ ಬಂತು. ನಮ್ಮ ವಿಶ್ವವಿದ್ಯಾಲಯದಲ್ಲಿ ಸಮಾನತೆ, ವೈವಿಧ್ಯ, ಒಳಗೊಳ್ಳುವಿಕೆಗೆ ಅಂತಲೇ ಒಂದು ಕಚೇರಿ ಇದೆ. ಎಲ್ಲರೂ ಇಡಿಐ ಕಚೇರಿ ಅಂತಾರೆ. ಅವರು ಕೊಡುವ ಬಹುಪಾಲು ಸೇವೆಗಳನ್ನು ನಾನು ಬಳಸಿದ್ದೇನೆ. ಕೆಲವು ನನ್ನ ಓದನ್ನೇ ಉಳಿಸಿದವು. ಕೆಲವು ಸುಮ್ನೆ ಸಮಯ ತಿಂದವು. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಎಲ್ಲಿ ಸೇರುವ ಮುಂಚೆಯೂ ಏನೇನು ಕೇಳಿ ತಿಳಿದುಕೊಳ್ಳಬೇಕು ಅನ್ನುವುದು ನಿಮಗೆ ಗೊತ್ತಾದರೆ ಸಾಕು.

ಮೊದಲು ತರಬೇತಿಯ ವಿಷಯ. ಸೇರಿದ ವಾರವೇ ಆನ್‌ಲೈನ್ ತರಬೇತಿ ಕಡ್ಡಾಯ. ನಲವತ್ತು ನಿಮಿಷ, ಆರು ವಿಡಿಯೋ, ಕೊನೆಗೆ ಹತ್ತು ಪ್ರಶ್ನೆ. ಅದನ್ನು ಮುಗಿಸದಿದ್ದರೆ ಲೈಬ್ರರಿ ಕಾರ್ಡ್ ಚಾಲೂ ಆಗುವುದಿಲ್ಲ. ಆರರಲ್ಲಿ ಎರಡು ವಿಡಿಯೋಗಳಿಗೆ ಸಬ್‌ಟೈಟಲ್ ಇರಲಿಲ್ಲ. ಅವೆರಡರಲ್ಲಿ ಏನು ಹೇಳಿದರೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಪ್ರಶ್ನೆಗಳಿಗೆ ಊಹೆಯ ಮೇಲೆ ಉತ್ತರ ಒತ್ತಿದೆ, ಪಾಸಾದೆ. ಅವತ್ತು ತುಂಬಾ ಬೇಜಾರಾಯಿತು. ಕಚೇರಿಗೆ ಬರೆದೆ. ಸಬ್‌ಟೈಟಲ್ ಬರಲು ನಾಲ್ಕು ತಿಂಗಳು ಹಿಡಿಯಿತು.

ಆ ತರಬೇತಿಯಲ್ಲಿ ಒಂದು ಪರೀಕ್ಷೆಯೂ ಇತ್ತು. ಪರದೆಯ ಮೇಲೆ ಮುಖಗಳು, ಪದಗಳು ಬರುತ್ತವೆ. ಎರಡು ಕೀಗಳಲ್ಲಿ ಒಂದನ್ನು ಬೇಗ ಬೇಗ ಒತ್ತಬೇಕು. ಎಷ್ಟು ಬೇಗ ಒತ್ತಿದಿರಿ ಅನ್ನುವುದನ್ನು ನೋಡಿ, ನಿಮಗೇ ಅರಿವಿಲ್ಲದ ಪೂರ್ವಗ್ರಹವನ್ನು ಅಳೆಯುತ್ತಾರೆ. 1998ರಲ್ಲಿ ಆಂಥನಿ ಗ್ರೀನ್‌ವಾಲ್ಡ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನ ಅದು. ಒಂದೇ ವ್ಯಕ್ತಿ ಇನ್ನೊಂದು ದಿನ ಕೂತರೆ ಅಂಕ ಬದಲಾಗುವುದು ಸಾಮಾನ್ಯ. ಹಾಗಾಗಿ ಚರ್ಚೆ ಶುರು ಮಾಡಲು ಇದು ಒಳ್ಳೆಯದು, ಒಬ್ಬರ ಮೇಲೆ ಹಣೆಪಟ್ಟಿ ಹಚ್ಚಲು ಅಲ್ಲ. ನಮ್ಮಲ್ಲಿ ಚರ್ಚೆ ಆಗಲೇ ಇಲ್ಲ. ಅಂಕ ಬಂತು, ಪುಟ ಮುಚ್ಚಿಕೊಂಡಿತು.

ಕಡ್ಡಾಯ ತರಬೇತಿಯಿಂದ ಎಷ್ಟು ಉಪಯೋಗ ಅನ್ನುವುದರ ಬಗ್ಗೆ ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ 2016ರಲ್ಲಿ ಬರೆದದ್ದನ್ನು ಓದಿದೆ. ಅಮೆರಿಕದ 800ಕ್ಕೂ ಹೆಚ್ಚು ಕಂಪನಿಗಳ ಮೂವತ್ತು ವರ್ಷಗಳ ಮಾಹಿತಿ ನೋಡಿ ಅವರು ಹೇಳಿದ್ದು ಇಷ್ಟು: ಬಲವಂತದ ತರಬೇತಿ ಹೆಚ್ಚೇನೂ ಬದಲಿಸುವುದಿಲ್ಲ, ಎಷ್ಟೋ ಸಲ ಜನ ಎದುರು ತಿರುಗುತ್ತಾರೆ. ಹಿರಿಯರೊಬ್ಬರನ್ನು ಜೊತೆಗೆ ಬಿಡುವುದು, ಕೆಲಸ ಆಯಿತಾ ಇಲ್ಲವಾ ಅಂತ ಉತ್ತರ ಹೇಳುವವರೊಬ್ಬರನ್ನು ನೇಮಿಸುವುದು ಜಾಸ್ತಿ ಫಲ ಕೊಡುತ್ತವೆ. ಅದು ಕಂಪನಿಗಳ ಲೆಕ್ಕ, ನಿಜ. ಆದರೆ ನನ್ನ ಮೂರು ವರ್ಷದ ಅನುಭವವೂ ಅದನ್ನೇ ಹೇಳುತ್ತದೆ.

ನನಗೆ ಸಿಕ್ಕ ಮೆಂಟರ್ ನನಗಿಂತ ನಾಲ್ಕು ವರ್ಷ ದೊಡ್ಡವರು, ಬೇರೆ ವಿಭಾಗದವರು. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲು. ಗೈಡ್‌ಗೆ ಮೇಲ್ ಹೇಗೆ ಬರೆಯಬೇಕು, ಯಾವ ಫಾರ್ಮ್ ಯಾವ ಮೇಜಿಗೆ ಹೋಗುತ್ತದೆ, ಯಾವ ಗಡುವನ್ನು ಮುಂದೂಡಿಸಬಹುದು, ಇವೆಲ್ಲ ಕಲಿತದ್ದು ಅವರಿಂದ. ತಿಂಗಳಿಗೆ ಒಂದು ಗಂಟೆ ಅಷ್ಟೇ. ಇಡೀ ಕಾರ್ಯಕ್ರಮದಲ್ಲಿ ಕಣ್ಣು ಮುಚ್ಚಿ ಪೂರ್ತಿ ಅಂಕ ಕೊಡಬಹುದಾದದ್ದು ಇದೊಂದೇ.

ಇನ್ನು ವಿಕಲಚೇತನ ವಿದ್ಯಾರ್ಥಿಗಳ ಸೇವೆ. ಇಲ್ಲಿ ನಾನು ಸ್ವಲ್ಪ ಉದ್ದಕ್ಕೆ ಬರೆಯಬೇಕು.

ಕಾಗದಪತ್ರ ವಿಪರೀತ. ಪ್ರತಿ ವರ್ಷವೂ ಹೊಸ ಆಡಿಯೋಗ್ರಾಂ, ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆಯ ವರದಿ, ತರಬೇಕು. ನನ್ನದು ಒಳಕಿವಿಯ ತೊಂದರೆ. ಅಲ್ಲಿ ಶಬ್ದ ಹಿಡಿಯುವ, ಸಣ್ಣ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿರುತ್ತವೆ. ಮನುಷ್ಯರಲ್ಲಿ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹೋದ ವರ್ಷ ಕೇಳಿಸದ್ದು ಈ ವರ್ಷ ತಾನಾಗೇ ಕೇಳಿಸುವ ಪ್ರಶ್ನೆಯೇ ಇಲ್ಲ. ಆದರೂ ಪ್ರತಿ ವರ್ಷ ಅದೇ ಸಾಲಿನಲ್ಲಿ ನಿಂತು, ಅದೇ ಕಾಗದ ಕೊಟ್ಟು, ನನಗೆ ಇನ್ನೂ ಕೇಳಿಸಲ್ಲ ಅಂತ ಸಾಬೀತು ಮಾಡಬೇಕು. ವಿಕಲಚೇತನರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಂದು ಒಡಂಬಡಿಕೆ ಒಪ್ಪಿಕೊಂಡಿತು. ಅದರ 24ನೇ ವಿಧಿ ಉನ್ನತ ಶಿಕ್ಷಣದಲ್ಲೂ ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಅನ್ನುತ್ತದೆ. ಅಂದರೆ ಇದು ಹಕ್ಕು, ಯಾರೋ ಮಾಡುವ ಉಪಕಾರವಲ್ಲ. ಆ ಸಾಲಿನಲ್ಲಿ ನಿಂತಾಗ ಮಾತ್ರ ಉಪಕಾರ ಬೇಡುತ್ತಿದ್ದೇನೆ ಅಂತಲೇ ಅನ್ನಿಸುತ್ತದೆ.

ಮಷೀನು ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಷೀನು ಎಲ್ಲವನ್ನೂ ಜೋರು ಮಾಡುತ್ತದೆ. ಫ್ಯಾನು, ಕುರ್ಚಿ ಎಳೆಯುವ ಸದ್ದು, ಪಕ್ಕದವರ ಪ್ಲಾಸ್ಟಿಕ್ ಚೀಲ, ಎಲ್ಲವೂ ಸೇರಿಕೊಳ್ಳುತ್ತವೆ. ಮಾತಾಡುವವರು ಎರಡು ಮೀಟರ್ ಒಳಗಿದ್ದರೆ ಚೆನ್ನಾಗಿ ನಡೆಯುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹಾಲ್ ಒಳಗಾದರೆ ಗೋಡೆಯ ಪ್ರತಿಧ್ವನಿಯೂ ಕಲೆಸಿಕೊಳ್ಳುತ್ತದೆ. ಆಗ ತುಟಿ ನೋಡಿ ಊಹಿಸಬೇಕು. ತುಟಿಯ ಮೇಲೆ ಪ, ಬ, ಮ ಮೂರೂ ಒಂದೇ. ಮರ ಅಂದರೋ ಬರ ಅಂದರೋ ಗೊತ್ತಾಗುವುದಿಲ್ಲ. ಟ, ಡ ಕೂಡ ಹಾಗೆಯೇ.

ಈ ಟ, ಡ ನನ್ನ ವಿಷಯದಲ್ಲಿ ಸಣ್ಣ ಮಾತಲ್ಲ. ಸೋಡಿಯಂ ಸಲ್ಫೈಟ್, ಸೋಡಿಯಂ ಸಲ್ಫೈಡ್. ಒಂದೇ ಅಕ್ಷರದ ವ್ಯತ್ಯಾಸ. ಸಲ್ಫೈಡ್‌ಗೆ ಆಮ್ಲ ಬಿದ್ದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಡುತ್ತದೆ, ಅದು ವಿಷ. ಮೊದಲ ವರ್ಷ ಒಂದು ಲ್ಯಾಬ್ ಮೀಟಿಂಗಿನಲ್ಲಿ ಗೈಡ್ ಬೋರ್ಡ್ ಕಡೆ ತಿರುಗಿಕೊಂಡು ಸಲ್ಫೈಟ್ ಅಂದರು. ನಾನು ಸಲ್ಫೈಡ್ ಅಂತ ಬರೆದುಕೊಂಡೆ. ಮಾರನೇ ದಿನ ಬಾಟಲಿ ಕೈಯಲ್ಲಿ ಹಿಡಿದಿದ್ದಾಗ ಪಕ್ಕದ ಬೆಂಚಿನ ಗೆಳತಿ ಲೇಬಲ್ ನೋಡಿದಳು. "ಏಯ್, ಇದ್ಯಾಕೆ ತಗೊಂಡೆ?" ಅಂತ ಕೈ ಹಿಡಿದಳು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಇಡಿಐ ಕಚೇರಿಗೆ ಹೋದೆ. ಅಲ್ಲಿಯವರೆಗೆ ಅವರು ಕೊಡುತ್ತೇವೆ ಅಂದ ಸಹಾಯವನ್ನು ಕೇಳಲು ನಾಚಿಕೆ ಪಟ್ಟುಕೊಂಡಿದ್ದೆ.

ಅವರು ಎರಡು ಏರ್ಪಾಡು ಮಾಡಿದರು. ಒಂದು, ಮಾತು ನಡೆಯುತ್ತಿರುವಾಗಲೇ ಅಕ್ಷರದಲ್ಲಿ ತೋರಿಸುವ ಸೇವೆ. ಮೊದಮೊದಲು ತಂತ್ರಾಂಶವೇ ಬರೆಯುತ್ತಿತ್ತು. ಸಾಮಾನ್ಯ ಮಾತಿಗೆ ಪರವಾಗಿಲ್ಲ. ಪಾಠಕ್ಕೆ ನಂಬಲಾಗದು. ನೈಟ್ರೇಟ್ ಅಂದರೆ ನೈಟ್ರೈಟ್ ಅಂತ, ಅಯಾನ್ ಅಂದರೆ ಐರನ್ ಅಂತ ಬರೆಯುತ್ತಿತ್ತು. ತಪ್ಪು ಅಂತ ಹೇಳಬೇಕಾದರೆ ಸರಿಯಾದದ್ದು ಮೊದಲೇ ಕೇಳಿಸಿರಬೇಕಲ್ವಾ? ಇದನ್ನು ವಿವರಿಸಿ ಬರೆದ ಮೇಲೆ, ಮುಖ್ಯ ತರಗತಿಗಳಿಗೆ ಮನುಷ್ಯರೇ ಟೈಪ್ ಮಾಡುವ ವ್ಯವಸ್ಥೆ ಬಂತು. ಬೇರೆಲ್ಲೋ ಕೂತು, ಆಡಿಯೋ ಕೇಳುತ್ತಾ, ಸ್ಟೆನೋ ಯಂತ್ರದಲ್ಲಿ ಬರೆಯುತ್ತಾರೆ. ನಿಮಿಷಕ್ಕೆ 200 ಪದ ದಾಟಿ ಬರೆಯಬಲ್ಲವರು ಅವರು. ಹಿಂದಿನ ದಿನ ನಾನು ಪದಪಟ್ಟಿ ಕಳಿಸುತ್ತೇನೆ. ಗಂಟೆಗೆ ಇಷ್ಟು ಅಂತ ದುಡ್ಡು ಕೊಡಬೇಕಾದ ಸೇವೆ ಇದು. ವಿಶ್ವವಿದ್ಯಾಲಯ ಅದಕ್ಕೆ ದುಡ್ಡು ತೆಗೆದಿಟ್ಟಿದೆ. ಅದಕ್ಕೆ ನಾನು ಮನಸಾರೆ ಕೃತಜ್ಞಳು.

ಎರಡನೆಯದು ಹಿಯರಿಂಗ್ ಲೂಪ್. ಹಾಲಿನ ಸುತ್ತ ನೆಲದಲ್ಲಿ ಒಂದು ತಂತಿ ಹಾಯಿಸಿರುತ್ತಾರೆ. ಮೈಕಿನ ದನಿ ಆಂಪ್ಲಿಫೈಯರ್ ಮೂಲಕ ಆ ತಂತಿಗೆ ಹೋಗಿ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕಿವಿ ಮಷೀನಿನೊಳಗೆ ಟೆಲಿಕಾಯಿಲ್ ಅನ್ನುವ ಸಣ್ಣ ಸುರುಳಿ ಇದ್ದರೆ, ಮಷೀನನ್ನು ಟಿ ಗುರುತಿಗೆ ಬದಲಿಸಿದಾಗ ಅದು ನೇರ ಆ ದನಿಯನ್ನು ಹಿಡಿಯುತ್ತದೆ. ಫ್ಯಾನಿಲ್ಲ, ಕುರ್ಚಿಯಿಲ್ಲ, ಬರೀ ಮಾತು.

ನಮ್ಮ ದೊಡ್ಡ ಹಾಲಿನ ಬಾಗಿಲ ಮೇಲೆ ಕಿವಿಯ ಚಿತ್ರವಿರುವ ನೀಲಿ ಫಲಕ ವರ್ಷಗಳಿಂದ ಇತ್ತು. ಮೊದಲ ಸಲ ಟಿಗೆ ಹಾಕಿದಾಗ ಪೂರ್ತಿ ನಿಶ್ಶಬ್ದ. ಎರಡನೇ ಸಲವೂ ಅಷ್ಟೇ. ನನ್ನ ಮಷೀನೇ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಕೊಟ್ಟೆ, ಎರಡು ವಾರ ಹಳೇ ಮಷೀನಿನಲ್ಲಿ ಕಳೆದೆ. ಮಷೀನು ಸರಿಯಾಗಿಯೇ ಇತ್ತು. ಕೊನೆಗೆ ಇಡಿಐ ಕಚೇರಿಯ ಮೇಡಂ ಆಡಿಯೋ ವಿಭಾಗದ ಅಣ್ಣನನ್ನು ಕರೆದುಕೊಂಡು ಬಂದರು. ವೇದಿಕೆಯ ಹಿಂದೆ ಒಂದು ಕಪಾಟು. ಬೀಗದ ಕೈ ಹುಡುಕಲು ಅರ್ಧ ಗಂಟೆ. ಬಾಗಿಲು ತೆಗೆದರೆ ಆಂಪ್ಲಿಫೈಯರ್ ಮೇಲೆ ಬೆರಳು ದಪ್ಪ ಧೂಳು, ಪ್ಲಗ್ ಕಿತ್ತು ಪಕ್ಕಕ್ಕಿಟ್ಟಿತ್ತು. ಅದರ ಜಾಗದಲ್ಲಿ ಯಾರೋ ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಿದ್ದರು.

ಅಣ್ಣ ಪ್ಲಗ್ ಹಾಕಿದರು. ನನ್ನ ಕಿವಿಯಲ್ಲಿ ಸಣ್ಣ ಗುಂಯ್ ಶಬ್ದ. ಆಮೇಲೆ ಮೇಡಂ ಮೈಕ್ ಹಿಡಿದು "ಹಲೋ, ಕೇಳಿಸ್ತಾ ಇದೆಯೇನಮ್ಮಾ?" ಅಂದರು. ನಾನು ಕೊನೇ ಸಾಲಿನಲ್ಲಿದ್ದೆ. ಅವರು ನನ್ನ ಪಕ್ಕದಲ್ಲೇ ಕೂತು ಕಿವಿಗೆ ಬಾಯಿಟ್ಟು ಹೇಳಿದ ಹಾಗೆ ಕೇಳಿಸಿತು. ಅವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಅತ್ತುಬಿಟ್ಟೆ.

ಅಂದಿನಿಂದ ಪ್ರತಿ ಸೋಮವಾರ ಬೆಳಗ್ಗೆ ಆ ಅಣ್ಣ ಲೂಪ್ ಪರೀಕ್ಷಿಸಿ ಬಾಗಿಲ ಹಿಂದಿನ ಚೀಟಿಯಲ್ಲಿ ಸಹಿ ಹಾಕುತ್ತಾರೆ. ಫಲಕ ಹಾಕಿದವರಿಗಿಂತ ಈ ಸಹಿ ಹಾಕುವವರು ನನಗೆ ದೊಡ್ಡವರು. ನೀವು ಯಾವುದಾದರೂ ವಿಶ್ವವಿದ್ಯಾಲಯ ನೋಡಲು ಹೋದರೆ ಲೂಪ್ ಇದೆಯಾ, ರಾಂಪ್ ಇದೆಯಾ, ಲಿಫ್ಟ್ ಇದೆಯಾ ಅಂತಷ್ಟೇ ಕೇಳಬೇಡಿ. ಕೊನೇ ಸಲ ಯಾವಾಗ ಪರೀಕ್ಷೆ ಮಾಡಿದಿರಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ. ರಾಂಪ್ ಆದರೆ ನಿಂತು ಅಳೆಯಿರಿ. ಸಾಮಾನ್ಯ ನಿಯಮ 1ಕ್ಕೆ 12. ಅಂದರೆ 15 ಸೆಂಟಿಮೀಟರ್ ಎತ್ತರ ಏರಲು 180 ಸೆಂಟಿಮೀಟರ್ ಉದ್ದ ಬೇಕು. ನಮ್ಮ ಲ್ಯಾಬ್ ಕಟ್ಟಡದ ಪಕ್ಕದ ರಾಂಪ್ ಅದರ ಅರ್ಧವೂ ಇಲ್ಲ. ಗಾಲಿಕುರ್ಚಿಯ ಗೆಳೆಯನೊಬ್ಬನನ್ನು ಪ್ರತಿ ದಿನ ಯಾರಾದರೂ ತಳ್ಳಬೇಕು. ದೂರು ಕೊಟ್ಟು ಒಂದು ವರ್ಷ ದಾಟಿತು.

ಫೆಲೋಶಿಪ್ ಅರ್ಜಿಗಳ ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿಡುವ ಪದ್ಧತಿಯನ್ನೂ ಈ ಕಚೇರಿಯೇ ತಂದಿತು. ಇದು ಬೇಕಾದದ್ದೇ. 2012ರಲ್ಲಿ ಅಮೆರಿಕದ 127 ವಿಜ್ಞಾನ ಅಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿ ಕೊಟ್ಟು ನೋಡಿದರು. ಕೆಲವರಿಗೆ ಜಾನ್ ಅನ್ನುವ ಹೆಸರು, ಉಳಿದವರಿಗೆ ಜೆನಿಫರ್. ಜಾನ್‌ಗೆ ಸೂಚಿಸಿದ ಸಂಬಳ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಗಂಡಸರು, ಹೆಂಗಸರು ಇಬ್ಬರೂ ಹಾಗೇ ಮಾಡಿದ್ದರು. ಆದರೆ ನಮ್ಮಲ್ಲಿ ಎರಡನೇ ಸುತ್ತು ಸಂದರ್ಶನ. ಐದು ಜನ ಉದ್ದ ಮೇಜಿನ ಆಚೆ, ಇಬ್ಬರು ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಬೆಳಕು ಹಿಂದಿದ್ದರೆ ತುಟಿ ಕಾಣುವುದಿಲ್ಲ. ಕುರ್ಚಿ ಬದಲಿಸಿ ಅಂತ ಕೇಳಿದೆ, ಬದಲಿಸಿದರು. ಕೇಳುವಾಗ ನನ್ನ ಕೈ ನಡುಗುತ್ತಿತ್ತು.

ಒಂದು ವಿಷಯ ನನಗೆ ನಿಜಕ್ಕೂ ನೋವು ಕೊಟ್ಟಿದೆ. ಪ್ರವೇಶ ಪುಸ್ತಕಕ್ಕೆ ಫೋಟೋ ಬೇಕು ಅಂತ ನನ್ನನ್ನು ಮೂರು ಸಲ ಕರೆದರು. ಮೂರೂ ಸಲ ಕಿವಿ ಕಾಣುವ ಹಾಗೆ ಕೂದಲು ಸರಿಸಿ ಅಂದರು. ನನ್ನ ಸಂಶೋಧನೆ ಏನು ಅಂತ ಯಾರೂ ಕೇಳಲಿಲ್ಲ. ನಾಲ್ಕನೇ ಸಲ ಬರುವುದಿಲ್ಲ ಅಂದೆ.

ಅಂಕ ಅಂತ ಕೊಡಬೇಕಾದರೆ ಐದಕ್ಕೆ ಮೂರೂವರೆ. ಆ ಕಚೇರಿಯಲ್ಲಿರುವುದು ಮೂರೇ ಜನ, ವಿದ್ಯಾರ್ಥಿಗಳು ಸಾವಿರಾರು. ಕಳೆದ ಒಂದೂವರೆ ಅಂಕ ಆ ಮೂವರದಲ್ಲ, ಅವರ ಪತ್ರಗಳಿಗೆ ತಿಂಗಳುಗಟ್ಟಲೆ ಉತ್ತರ ಕೊಡದ ಉಳಿದ ವಿಭಾಗಗಳದು.

ಈ ವರ್ಷದ ಶುರುವಿನಿಂದ ಹಾಲಿನ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರೆ: "ದಯವಿಟ್ಟು ಮೈಕ್ ಇಲ್ಲದೆ ಮಾತು ಶುರು ಮಾಡಬೇಡಿ. ಸಭಿಕರ ಪ್ರಶ್ನೆಯನ್ನು ಮೈಕಿನಲ್ಲಿ ಇನ್ನೊಮ್ಮೆ ಹೇಳಿ." ಈಗ ನಾನು ಎದ್ದು ಕೇಳಬೇಕಾಗಿಲ್ಲ. ಹೋದ ತಿಂಗಳು ಒಂದು ಉಪನ್ಯಾಸ ಮುಗಿದ ಮೇಲೆ, ನಿವೃತ್ತ ಪ್ರೊಫೆಸರ್ ಒಬ್ಬರು ನನ್ನ ಹತ್ತಿರ ಬಂದರು. ಪ್ರತಿ ಉಪನ್ಯಾಸಕ್ಕೂ ತಪ್ಪದೆ ಬಂದು ಕೊನೇ ಸಾಲಿನಲ್ಲಿ ಕೂರುವವರು. "ಇವತ್ತು ಪ್ರಶ್ನೆಗಳೂ ಕೇಳಿಸಿದವಮ್ಮ" ಅಂದರು. ಅವರ ಕಿವಿಯಲ್ಲೂ ಮಷೀನು ಇದೆ ಅನ್ನುವುದು ನನಗೆ ಗೊತ್ತಾದದ್ದು ಆಗ. ಅವರು ಯಾರಿಗೂ ಹೇಳಿರಲಿಲ್ಲ, ಯಾವ ಫಾರ್ಮೂ ತುಂಬಿರಲಿಲ್ಲ. ಬಾಗಿಲ ಮೇಲಿನ ಫಲಕ ತೋರಿಸಿ ಅದು ಏನು ಅಂತ ಕೇಳಿದರು. ಇಬ್ಬರೂ ಕೂತು ಅವರ ಮಷೀನಿನ ಮಾದರಿಯನ್ನು ಫೋನಿನಲ್ಲಿ ಹುಡುಕಿದೆವು. ಅದರಲ್ಲಿ ಟೆಲಿಕಾಯಿಲ್ ಇತ್ತು. ಕೊಂಡು ಆರು ವರ್ಷವಾದರೂ ಅದನ್ನು ಯಾರೂ ಚಾಲೂ ಮಾಡಿಕೊಟ್ಟಿರಲಿಲ್ಲ. ಕಿವಿ ಪರೀಕ್ಷಿಸಿ ಮಷೀನು ಹೊಂದಿಸಿಕೊಡುವ ಆಡಿಯಾಲಜಿಸ್ಟ್ ಹತ್ತಿರ ಹೋಗಿ ಏನು ಕೇಳಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಡಚಿ ಜೇಬಿಗೆ ಇಟ್ಟುಕೊಂಡರು.