ಗಿಂಪ್: ಯಕ್ಷಗಾನದ ಚಿತ್ರಗಳನ್ನು ತಿದ್ದುತ್ತಾ ಕಂಡ ಗುಣದೋಷಗಳು

ಉಡುಪಿ ಸುತ್ತಮುತ್ತಲಿನ ಬಯಲಾಟಗಳಲ್ಲಿ ತೆಗೆದ ಚಿತ್ರಗಳನ್ನು ತಿದ್ದುವುದಕ್ಕೆ ನಾನು 2.10ನೇ ಆವೃತ್ತಿಯ ಕಾಲದಿಂದಲೂ ಗಿಂಪ್ ತಂತ್ರಾಂಶವನ್ನೇ ಬಳಸುತ್ತಿದ್ದೇನೆ. ಆರಂಭದಲ್ಲಿ ಅದು ಉಚಿತವೆಂಬುದೇ ಕಾರಣವಾಗಿತ್ತು. ಈಗಲೂ ಅದನ್ನು ಬಿಡದಿರುವುದು ಅದರ ಲೇಯರ್ (ಒಂದರ ಮೇಲೊಂದು ಇಡುವ ಚಿತ್ರಪದರ) ಮತ್ತು ಮಾಸ್ಕ್ (ಪದರದ ಯಾವ ಭಾಗ ಕಾಣಬೇಕೆಂದು ನಿರ್ಧರಿಸುವ ಮುಸುಕು) ವ್ಯವಸ್ಥೆಯಿಂದಾಗಿ. ಫಿಲ್ಟರ್‌ಗಳ ಪಟ್ಟಿ ಎಷ್ಟೇ ಉದ್ದವಿರಲಿ, ಚಿತ್ರದ ಯಾವ ಭಾಗಕ್ಕೆ ಎಷ್ಟು ತಾಗಬೇಕೆಂಬುದು ನಮ್ಮ ಕೈಯಲ್ಲಿರದಿದ್ದರೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ.

ರಂಗಸ್ಥಳದ ಚಿತ್ರಗಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಭುಜಕೀರ್ತಿ, ಎದೆಪದಕಗಳು ದೀಪದ ಬೆಳಕಿಗೆ ಝಗಝಗಿಸುತ್ತಿರುವಾಗಲೇ ಕಿರೀಟದ ನೆರಳು ಬಿದ್ದು ವೇಷಧಾರಿಯ ಕಣ್ಣುಗಳು ಕತ್ತಲಾಗಿರುತ್ತವೆ. ಇಡೀ ಚಿತ್ರವನ್ನು ಬೆಳಗಿಸಿದರೆ ಹಿಂದಿನ ಕತ್ತಲಲ್ಲಿದ್ದ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಎದ್ದು ಕಾಣುತ್ತದೆ. ಆದ್ದರಿಂದ ಮೂಲ ಲೇಯರಿನ ಪ್ರತಿ ಮಾಡಿ, ಅದಕ್ಕೆ ನೆರಳಿನ ಭಾಗವನ್ನು ಬೆಳಗಿಸುವ ‘ಶ್ಯಾಡೋಸ್-ಹೈಲೈಟ್ಸ್’ ಫಿಲ್ಟರ್ ಹಾಕಿ, ಪೂರ್ತಿ ಕಪ್ಪು ಮಾಸ್ಕಿನಿಂದ ಅದನ್ನು ಮರೆಮಾಡಿ, ಅಂಚು ಮೃದುವಾಗಿರುವ ಬ್ರಷ್‌ನಿಂದ ಮುಖದ ಮೇಲಷ್ಟೇ ಬಿಳಿ ಬಣ್ಣ ಬಳಿಯುತ್ತೇನೆ. ಮಾಸ್ಕಿನಲ್ಲಿ ಬಿಳಿ ಇದ್ದಲ್ಲಿ ಲೇಯರ್ ಕಾಣುತ್ತದೆ, ಕಪ್ಪು ಇದ್ದಲ್ಲಿ ಕಾಣುವುದಿಲ್ಲ, ಬೂದು ಇದ್ದಲ್ಲಿ ಅರೆಬರೆ ಕಾಣುತ್ತದೆ. ಕೊನೆಗೆ ಆ ಲೇಯರಿನ ಒಪಾಸಿಟಿಯನ್ನು (ಅಪಾರದರ್ಶಕತೆಯನ್ನು) ಅರ್ಧದಷ್ಟಕ್ಕೆ ಇಳಿಸಿದರೆ ಮುಖವರ್ಣಿಕೆಯ ಗೆರೆಗಳು ಸಹಜವಾಗಿಯೇ ತೆರೆದುಕೊಳ್ಳುತ್ತವೆ. ಅಂಚುಗಳನ್ನು ಚುರುಕುಗೊಳಿಸುವ ‘ಅನ್‌ಶಾರ್ಪ್ ಮಾಸ್ಕ್’ ಫಿಲ್ಟರ್ ಕೂಡ ಇದೇ ರೀತಿ ಆಭರಣಗಳಿಗಷ್ಟೇ ಸಾಕು. ಮುಖಕ್ಕೂ ಹಾಕಿದರೆ ಬಣ್ಣದ ಪದರ ಬಿರುಕು ಬಿಟ್ಟಂತೆ ಕಾಣುತ್ತದೆ.

ಕೆಲವಕ್ಕೆ ಮಾತ್ರ ಮದ್ದಿಲ್ಲ. ನೀಲಿ ಎಲ್‌ಇಡಿ ಬೆಳಕಿನಲ್ಲಿ ತೆಗೆದ ಚಿತ್ರದ ಕೆಂಪು ಚಾನೆಲ್ಲಿನಲ್ಲಿ (ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಹಿಡಿದಿಡುವ ಮೂರರಲ್ಲಿ ಒಂದು) ಮಾಹಿತಿಯೇ ಇಲ್ಲದಿದ್ದರೆ ಯಾವ ಫಿಲ್ಟರೂ ಅದನ್ನು ಹುಟ್ಟಿಸಲಾರದು. ಬಿಸಿಲಿನಲ್ಲಿ ತೆಗೆದ ಹುಲಿವೇಷದ ಚಿತ್ರಕ್ಕೆ ಇದರ ವಿರುದ್ಧ ಗತಿ: ಜೆಪೆಗ್‌ನಲ್ಲಿ ಪ್ರತಿ ಚಾನೆಲ್ಲಿಗೆ ಇರುವುದು 0ಯಿಂದ 255ರವರೆಗಿನ ಮಟ್ಟಗಳಷ್ಟೇ, ಸ್ಯಾಚುರೇಶನ್ (ಬಣ್ಣದ ಗಾಢತೆ) ಹೆಚ್ಚಿಸುತ್ತಾ ಹೋದರೆ ಕೆಂಪು 255ಕ್ಕೆ ತಾಗಿ, ಹಳದಿ ಮೈಯ ಉಬ್ಬುತಗ್ಗುಗಳೆಲ್ಲ ಒಂದೇ ಸಮನಾಗಿಬಿಡುತ್ತವೆ.

2018ರಲ್ಲಿ ಬಂದ 2.10ರಲ್ಲಿ ನನಗಿದ್ದ ದೊಡ್ಡ ಅಸಮಾಧಾನವೆಂದರೆ, ಫಿಲ್ಟರ್ ಒಮ್ಮೆ ಹಾಕಿದ ಮೇಲೆ ಅದರ ಅಳತೆಯನ್ನು ಮತ್ತೆ ಬದಲಿಸುವಂತಿರಲಿಲ್ಲ. ‘ಅನ್‌ಡೂ’ ಮಾಡಿದರೆ ನಂತರದ ಕೆಲಸವೂ ಹೋಗುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0 ಈ ಕೊರತೆಯನ್ನು ನೀಗಿಸಿದೆ. ಈಗ ಲೇಯರಿನ ಸಾಲಿನಲ್ಲಿರುವ ‘ಎಫ್‌ಎಕ್ಸ್’ ಗುರುತನ್ನು ಒತ್ತಿದರೆ ಹಾಕಿದ ಫಿಲ್ಟರ್‌ಗಳೆಲ್ಲ ಕಾಣುತ್ತವೆ. ಒಂದನ್ನು ತಾತ್ಕಾಲಿಕವಾಗಿ ಮುಚ್ಚಬಹುದು, ಇನ್ನೊಂದರ ಅಳತೆ ಬದಲಿಸಬಹುದು, ಬೇಡವಾದುದನ್ನು ತೆಗೆಯಬಹುದು. ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಕಡತದಲ್ಲಿ ಉಳಿಸಿಟ್ಟರೆ ಅವೆಲ್ಲ ಹಾಗೆಯೇ ಇರುತ್ತವೆ. ಮೇಳದ ಕಲಾವಿದರೊಬ್ಬರು ‘ಕೆಂಪು ಸ್ವಲ್ಪ ಜಾಸ್ತಿಯಾಯಿತು ಮಾರಾಯ್ರೆ’ ಎಂದರೆ ಮೊದಲಿನಿಂದ ಕೂರಬೇಕಾಗಿಲ್ಲ.

ಆದರೆ ಹೊರಗಿನಿಂದ ಸೇರಿಸಿಕೊಳ್ಳುವ ಹಳೆಯ ಪ್ಲಗಿನ್‌ಗಳಲ್ಲಿ ಅನೇಕವು 3.0ರಲ್ಲಿ ನಡೆಯುವುದಿಲ್ಲ, ಅವುಗಳನ್ನೇ ನೆಚ್ಚಿಕೊಂಡವರು ವಿಚಾರಿಸಿಕೊಂಡು ಬದಲಾಯಿಸುವುದು ಒಳ್ಳೆಯದು. ಕ್ಯಾಮೆರಾದ ರಾ (ಸಂಸ್ಕರಿಸದ ಮೂಲ) ಕಡತ ತೆರೆಯಲು ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಂಥ ಇನ್ನೊಂದು ತಂತ್ರಾಂಶ ಜೊತೆಗಿರಬೇಕು. ದೊಡ್ಡ ಚಿತ್ರಕ್ಕೆ ಲೇಯರ್‌ಗಳೂ ಫಿಲ್ಟರ್‌ಗಳೂ ಹೆಚ್ಚಾದಂತೆ ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಮಾತ್ರ ಸರಿಯಾಗಿಯೇ ಮೂಡುತ್ತವೆ, ಹಾಗಾಗಿ ಆಟದ ಕರಪತ್ರಕ್ಕೆ ಬೇರೆ ತಂತ್ರಾಂಶ ಬೇಕಾಗಿಲ್ಲ.

ಮುದ್ರಣಕ್ಕೆ ಕೊಡುವವರು ಒಂದು ವಿಷಯ ಗಮನಿಸಬೇಕು. ಗಿಂಪ್‌ನಲ್ಲಿ ಕೆಲಸ ನಡೆಯುವುದು ಆರ್‌ಜಿಬಿಯಲ್ಲಿ (ತೆರೆಯ ಕೆಂಪು, ಹಸಿರು, ನೀಲಿ ಬೆಳಕು), ಮುದ್ರಣವಾಗುವುದು ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು) ಶಾಯಿಯಲ್ಲಿ; ತೆರೆಯ ಮೇಲೆ ಉರಿಯುವ ಕೆಂಪು ಕಾಗದದಲ್ಲಿ ಮಂಕಾಗುವುದು ಇದರಿಂದಲೇ. ಪ್ರೆಸ್ಸಿನವರಿಂದ ಬಣ್ಣದ ಪ್ರೊಫೈಲ್ (ಅವರ ಮುದ್ರಣದಲ್ಲಿ ಬಣ್ಣಗಳು ಹೇಗೆ ಬರುತ್ತವೆಂದು ತಿಳಿಸುವ ಕಡತ) ಕೇಳಿ ಪಡೆದು, ಸಾಫ್ಟ್ ಪ್ರೂಫ್ (ಮುದ್ರಣದ ಬಣ್ಣವನ್ನು ತೆರೆಯ ಮೇಲೆ ತೋರಿಸುವ ಮುನ್ನೋಟ) ಹಾಕಿ ನೋಡಿದ ಮೇಲೆಯೇ ಕೆಂಪನ್ನು ತಿದ್ದಿ ಕಡತ ಕಳುಹಿಸಿ.