ಟೈರಿನ ಪಕ್ಕೆ ಸೀಳಿದರೆ ಯಾವ ದಾರಿ ವಾಸಿ?

ಚಿತ್ರದುರ್ಗ ಅಂದ ಕೂಡಲೇ ಎಲ್ಲರಿಗೂ ಕೋಟೆಯ ಬಂಡೆ ನೆನಪಾಗುತ್ತದೆ. ಟೈರಿನ ಮಟ್ಟಿಗೆ ಆ ಬಂಡೆ ಪಾಪದ್ದು. ಗುಂಡಗೆ ನುಣ್ಣಗೆ ಇರುತ್ತದೆ, ಚಕ್ರ ಹತ್ತಿ ಇಳಿಯುತ್ತದೆ, ಅಷ್ಟೇ. ಟೈರ್ ಕೊಯ್ಯುವುದು ಹೊಸದುರ್ಗ, ಹೊಳಲ್ಕೆರೆ ಕಡೆಯ ಗುಡ್ಡಗಳಲ್ಲಿ ಚೆಲ್ಲಿಕೊಂಡಿರುವ ಬೆಣಚುಕಲ್ಲಿನ ಚೂರು. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ನಂತರ ಕೋಡಿ ಬಿತ್ತಲ್ಲ, ಆಮೇಲೆ ಹಿನ್ನೀರಿನ ಪಕ್ಕದಲ್ಲಿ ನಾವು ಓಡಾಡುತ್ತಿದ್ದ ಮಣ್ಣುದಾರಿ ನೀರಿಗೆ ಹೋಯಿತು. ಈಗ ಮೇಲಿನ ಕಲ್ಲುಗಾಡೇ ಗತಿ. ನಮ್ಮದು ಬೊಲೆರೊ, 215/75 ಆರ್15 ಟ್ಯೂಬ್‌ಲೆಸ್ ಟೈರು. ತೋಟಕ್ಕೂ ಅದೇ, ಗೆಳೆಯರ ಜೊತೆ ಗುಡ್ಡ ಸುತ್ತೋಕೂ ಅದೇ. ಹಾಗಾಗಿ ಸೈಡ್‌ವಾಲ್, ಅಂದರೆ ಟೈರಿನ ಪಕ್ಕೆಯ ಗಾಯಕ್ಕೆ ಊರಲ್ಲಿ ಸಿಗುವ ಎಲ್ಲ ಮದ್ದನ್ನೂ ಮಾಡಿಸಿ ನೋಡಿದ್ದಾಗಿದೆ.

ಮದ್ದಿಗೆ ಮೊದಲು ಗಾಯ ನೋಡಬೇಕು. ಟೈರ್ ತೊಳೆದು ಒಣಗಿಸಿ, ಎರಡೂ ಹೆಬ್ಬೆರಳಲ್ಲಿ ಸೀಳನ್ನು ಅಗಲಿಸಿ ಬೆಳಕು ಬಿಡಿ. ತಳದಲ್ಲೂ ಬರೀ ಕಪ್ಪು ರಬ್ಬರೇ ಕಂಡರೆ ಅದು ಮೇಲ್ಚರ್ಮದ ಗಾಯ. ಬಿಳಿ ಅಥವಾ ಕಂದು ಬಣ್ಣದ ನೂಲು ಕಂಡರೆ ಕಥೆ ಬೇರೆ. ನೆಲಕ್ಕೆ ತಾಗುವ ಭಾಗದಲ್ಲಿ, ಅಂದರೆ ಟ್ರೆಡ್ಡಿನಲ್ಲಿ, ರಬ್ಬರಿನ ಕೆಳಗೆ ಸ್ಟೀಲ್ ಬೆಲ್ಟ್ ಇರುತ್ತದೆ. ಪಕ್ಕೆಯಲ್ಲಿ ಅದಿಲ್ಲ. ಸಾಮಾನ್ಯ ಕಾರಿನ ಟೈರಿನಲ್ಲಿ ಅಲ್ಲಿರುವುದು ಪಾಲಿಯೆಸ್ಟರ್ ನೂಲಿನ ಪದರ ಮಾತ್ರ, ಒಳಗಿನ ಗಾಳಿಯನ್ನು ತಡೆದು ಹಿಡಿಯುವುದು ಅದೇ. ಚಕ್ರ ಒಂದು ಸುತ್ತು ಸುತ್ತಿದರೆ ಪಕ್ಕೆ ಒಂದು ಸಲ ಮಡಚಿ ಬಿಚ್ಚುತ್ತದೆ. ಕೆಳಗಿನ ಎಲ್ಲ ರಿಪೇರಿಗಳೂ ಸೋಲುವುದು ಈ ಮಡಚಾಟದಲ್ಲೇ.

ಪಕ್ಕೆ ಉಬ್ಬಿ ಗಂಟು ಬಂದಿದ್ದರೆ ಯೋಚನೆಯೇ ಬೇಡ, ಟೈರ್ ಬದಲಿಸಿ. ಮೇಲೆ ಗೀರೂ ಇಲ್ಲದಿದ್ದರೂ ಒಳಗೆ ನೂಲು ಕಡಿದಿದೆ, ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತಿದೆ ಅಂತಲೇ ಅರ್ಥ. ಆದರೆ ಮೇಲಿಂದ ಕೆಳಗೆ ಒಳಕ್ಕೆ ತಗ್ಗಿದ ಗೆರೆಯೊಂದು ಕಂಡರೆ ಗಾಬರಿ ಬೇಡ. ಅದು ಪದರಗಳು ಸೇರುವ ಜಾಗ. ಅದನ್ನು ತೋರಿಸಿ ಟೈರ್ ಮಾರುವ ಮಹಾನುಭಾವರೂ ಇದ್ದಾರೆ.

ಮೊದಲು ಪಂಚರ್ ಬತ್ತಿ, ಅಂದರೆ ತೂತಿಗೆ ಹೊರಗಿನಿಂದ ತುರುಕುವ ಅಂಟು ರಬ್ಬರಿನ ಹುರಿ. ಬಳ್ಳಾರಿ ಜಾಲಿ ಮುಳ್ಳು ಪಕ್ಕೆಗೆ ಚುಚ್ಚಿದಾಗ ಇದನ್ನೇ ಹಾಕಿದ್ದು. ಟ್ರೆಡ್ಡಿನಲ್ಲಿ ಬತ್ತಿಯನ್ನು ಸುತ್ತಲಿನ ದಪ್ಪ ರಬ್ಬರು ಬಿಗಿಹಿಡಿಯುತ್ತದೆ. ಪಕ್ಕೆ ತೆಳು, ಹಿಡಿತ ಇಲ್ಲ. ಸೋಪಿನ ನೀರು ಹಾಕಿದರೆ ಬತ್ತಿಯ ಸುತ್ತ ಸಣ್ಣ ಗುಳ್ಳೆ ಏಳುತ್ತಲೇ ಇತ್ತು. ನಿಧಾನಕ್ಕೆ ಊರು ಸೇರಲು ಸಾಕು. ಮುಳ್ಳಿನ ತೂತಿಗೆ ಮಾತ್ರ, ಸೀಳಿಗೆ ಅಲ್ಲ. ಟೈರಿನೊಳಗೆ ಸುರಿಯುವ ಸೀಲೆಂಟ್ ಇದಕ್ಕಿಂತ ಕಡೆ: ಚಕ್ರ ತಿರುಗಿದಾಗ ಆ ದ್ರವ ಟ್ರೆಡ್ಡಿನ ಕಡೆಗೇ ಓಡುತ್ತದೆ, ಪಕ್ಕೆಯ ತೂತಿಗೆ ಸರಿಯಾಗಿ ನಿಲ್ಲುವುದೇ ಇಲ್ಲ.

ಹಳ್ಳಿಯ ಪಂಚರ್ ಅಂಗಡಿಗಳಲ್ಲಿ ಎಲ್ಲರೂ ಹೇಳುವುದು ಟ್ಯೂಬ್ ಮತ್ತು ಗೇಟರ್. ಸೀಳಿದ ಜಾಗಕ್ಕೆ ಒಳಗಿಂದ ಹಳೇ ಟೈರಿನ ತುಂಡೊಂದನ್ನು (ಇದೇ ಗೇಟರ್) ಇಟ್ಟು, ವಾಲ್ವ್ ಕಿತ್ತು, ಟ್ಯೂಬ್ ಹಾಕುವುದು. ಅಗ್ಗ, ಅರ್ಧ ಗಂಟೆಯ ಕೆಲಸ. ತೋಟದ ದಾರಿಯಲ್ಲಿ ಇದು ಚೆನ್ನಾಗಿಯೇ ಬಾಳಿಕೆ ಬಂತು, ಸುಳ್ಳು ಹೇಳಬಾರದು. ಹೈವೇ 48ಕ್ಕೆ ಹತ್ತಿದ ಮೇಲೆ ಗೊತ್ತಾಯಿತು. ಅರವತ್ತು ದಾಟಿದರೆ ಸೀಟು ನಡುಗುತ್ತದೆ. ಬ್ಯಾಲೆನ್ಸಿಂಗ್‌ನವನು ಸೀಸದ ತುಂಡು ಅಂಟಿಸಿ ಅಂಟಿಸಿ ಕೈಚೆಲ್ಲಿದ. ಹಿರಿಯೂರಿನಲ್ಲಿ ಟೀಗೆ ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಅಂಗೈ ಇಟ್ಟು ನೋಡಿದೆ. ಮೂರು ಬೆಚ್ಚಗಿದ್ದವು. ಟ್ಯೂಬ್ ಹಾಕಿದ್ದರ ಮೇಲೆ ಕೈ ಇಡಲಾಗಲಿಲ್ಲ. ಟ್ಯೂಬೂ ಟೈರೂ ಗೇಟರೂ ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ. ಟ್ಯೂಬ್‌ಲೆಸ್ ಟೈರಿನ ಒಳಮೈ ಟ್ಯೂಬಿಗೆ ಅಂತಲೇ ನುಣ್ಣಗೆ ಮಾಡಿದ್ದೂ ಅಲ್ಲ. ಇನ್ನೊಂದು ವಿಷಯ: ಟ್ಯೂಬ್ ಒಡೆದರೆ ಗಾಳಿ ಒಮ್ಮೆಲೇ ಹೋಗುತ್ತದೆ. ಮುಳ್ಳು ಚುಚ್ಚಿದರೂ ನಿಧಾನಕ್ಕೆ ಇಳಿಯಲಿ ಅಂತ ತಾನೇ ಟ್ಯೂಬ್‌ಲೆಸ್ ತಗೊಂಡಿದ್ದು, ಅಲ್ವಾ?

ಬಿಸಿ ಪ್ಯಾಚ್, ಅಂದರೆ ವಲ್ಕನೈಸಿಂಗ್, ನನಗೆ ಜಾಸ್ತಿ ಆಸೆ ಹುಟ್ಟಿಸಿದ್ದು. ಲಾರಿ, ಟ್ರ್ಯಾಕ್ಟರ್ ಟೈರಿಗೆ ಇದು ದಿನನಿತ್ಯದ ಕೆಲಸ. ಸೀಳನ್ನು ಗ್ರೈಂಡರಿನಲ್ಲಿ ಉಜ್ಜಿ, ಹಸಿ ರಬ್ಬರ್ ತುಂಬಿ, ಒಳಗೆ ನೂಲಿರುವ ಪ್ಯಾಚ್ ಇಟ್ಟು, ಮಷೀನಿನಲ್ಲಿ ಬಿಗಿದು ಬೇಯಿಸುತ್ತಾರೆ. ಹೊಸ ಟೈರಿನ ಬೆಲೆಯ ಮುಂದೆ ಇದರ ಖರ್ಚು ಏನೂ ಅಲ್ಲ. ನಾನು ಮೊದಲು ಕೇಳಿದ ಅಂಗಡಿಯ ಅಣ್ಣ ಒಪ್ಪಲೇ ಇಲ್ಲ. "ಲಾರಿದು ತಗೊಂಡ್ ಬನ್ನಿ ಸಾರ್, ಕಣ್ಮುಚ್ಚಿ ಹಾಕ್ಕೊಡ್ತೀನಿ. ಕಾರಿನ ಪಕ್ಕೆ ಹಾಳೆ ತರ ಇರುತ್ತೆ, ನನ್ನ ತಲೆ ಮೇಲೆ ಬರೋದು ಬೇಡ" ಅಂದ. ಇನ್ನೊಬ್ಬರು ಹಾಕಿಕೊಟ್ಟರು. ನೋಡಲು ಬಹಳ ನೀಟು, ಗುಳ್ಳೆ ಒಂದೂ ಇಲ್ಲ. ಪ್ಯಾಚಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಆಗಾಗ ನೋಡುತ್ತಿದ್ದೆ. ಮಳೆಗಾಲ, ಚಳಿಗಾಲ ಏನೂ ಆಗಲಿಲ್ಲ. ಬೇಸಿಗೆಯಲ್ಲಿ ದಾವಣಗೆರೆಗೆ ಹೋಗಿ ಬಂದ ಮೇಲೆ ಗೆರೆಯ ಹೊರಗೆ, ಪ್ಯಾಚಿನ ಪಕ್ಕದಲ್ಲೇ, ಗಂಟು ಎದ್ದಿತ್ತು. ಪ್ಯಾಚ್ ಗಟ್ಟಿಯಾಗೇ ಇತ್ತು. ಅದೇ ತೊಂದರೆ: ಗಟ್ಟಿ ಜಾಗ ಮಡಚುವುದಿಲ್ಲ, ಅದರ ಭಾರವನ್ನೂ ಪಕ್ಕದ ನೂಲೇ ಹೊರಬೇಕು. ಮೊದಲು ಬೇಡ ಅಂದ ಆ ಅಣ್ಣನ ಅಂಗಡಿಗೇ ನಾನೀಗ ಎಲ್ಲದಕ್ಕೂ ಹೋಗುವುದು.

ಸೆಕೆಂಡ್ ಹ್ಯಾಂಡ್ ಟೈರ್ ಕೆಟ್ಟದ್ದೇನಲ್ಲ, ನೋಡಿ ತಗೊಳ್ಳಬೇಕು. ಟ್ರೆಡ್ ಎಷ್ಟಿದೆ ಅಂತ ಎಲ್ಲರೂ ನೋಡುತ್ತಾರೆ, ವಯಸ್ಸು ನೋಡುವುದಿಲ್ಲ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 1421 ಅಂದರೆ 2021ರ 14ನೇ ವಾರ ತಯಾರಾಗಿದ್ದು. ಆಮೇಲೆ ಒಳಗೆ ಬೆರಳಾಡಿಸಿ. ಕಪ್ಪು ರಬ್ಬರ್ ಪುಡಿ ಕೈಗೆ ಬಂದರೆ, ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಸವೆದ ಪಟ್ಟೆ ಕಂಡರೆ, ಆ ಟೈರ್ ಗಾಳಿ ಇಲ್ಲದೆ ಓಡಿದೆ. ಹೊರಗೆ ಎಷ್ಟೇ ಪಾಲಿಶ್ ಹೊಡೆದಿರಲಿ, ವಾಪಸ್ ಇಡಿ. ನನಗೆ ಸಿಕ್ಕಿದ್ದು ಒಳ್ಳೆಯದೇ. ಸ್ಟೆಪ್ನಿಯಾಗಿ ಈಗಲೂ ಇದೆ. ಬತ್ತಿ, ಟ್ಯೂಬ್, ಪ್ಯಾಚ್ ಮೂರಕ್ಕಿಂತಲೂ ಇದಕ್ಕೇ ನನ್ನ ಓಟು.

ಹೊಸ ಟೈರಿಗೆ ಬಂದರೆ ಒಂದು ಸಾಕಾ, ಎರಡು ಬೇಕಾ ಅನ್ನುವ ಪ್ರಶ್ನೆ. ಉಳಿದವು ಅರ್ಧ ಸವೆದಿದ್ದರೆ ಜೋಡಿ ಹಾಕಿಸಿ, ಹೊಸವು ಹಿಂದಕ್ಕೆ ಹೋಗಲಿ. ಕಿತ್ತಿದ್ದರಲ್ಲಿ ಚೆನ್ನಾಗಿರುವುದು ಸ್ಟೆಪ್ನಿಗೆ. ಫೋರ್ ವೀಲ್ ಡ್ರೈವ್ ಗಾಡಿಯವರು ಇನ್ನೂ ಹುಷಾರಾಗಿರಬೇಕು. ನಾಲ್ಕರ ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಪೆಟ್ಟು ಗೇರಿನ ಕಡೆಗೆ ಬೀಳುತ್ತದೆ. ನಾನು ಈ ಸಲ ಹಿಂದಕ್ಕೆ ಆಲ್ ಟೆರೇನ್, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವ ಟೈರ್ ಹಾಕಿಸಿದೆ. ಪಕ್ಕೆ ದಪ್ಪ, ಅಂಚಿನಲ್ಲೂ ಗಡ್ಡೆಗಳಿವೆ. ಕಲ್ಲು ಉಜ್ಜಿದ ಗೀರುಗಳಿವೆ, ನೂಲು ತನಕ ಯಾವುದೂ ಹೋಗಿಲ್ಲ. ಹೈವೇಯಲ್ಲಿ ಗುಂಯ್ ಅನ್ನುವ ಸದ್ದು ಇದೆ, ಡೀಸೆಲ್ಲೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರಿಗೆ ನಾನಿದನ್ನು ಹೇಳುವುದಿಲ್ಲ.

ಗಾಳಿಯ ಬಗ್ಗೆಯೂ ಒಂದು ಮಾತು. ಮರಳಿನಲ್ಲಿ ಓಡಿಸುವವರು ಹದಿನೆಂಟು ಪಿಎಸ್ಐಗೆ ಇಳಿಸಿ ಅನ್ನುತ್ತಾರೆ. ಅವರ ಜಾಗಕ್ಕೆ ಅದು ಸರಿ. ಗಾಳಿ ಇಳಿದರೆ ಪಕ್ಕೆ ಹೊರಗೆ ಉಬ್ಬಿ ಕಲ್ಲಿಗೆ ಸಿಗುತ್ತದೆ. ನಮ್ಮ ಬೆಣಚುಕಲ್ಲಿನ ಮೇಲೆ ನಾನು ಇಪ್ಪತ್ತೈದಕ್ಕಿಂತ ಕೆಳಗೆ ಹೋಗುವುದಿಲ್ಲ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸುತ್ತೇನೆ.

ನೂಲು ಕಾಣದ ಮೇಲ್ಗಾಯಕ್ಕೆ ಏನೂ ಮಾಡಬೇಕಿಲ್ಲ. ಕಲ್ಲಿನ ಚೂರು ಕಿತ್ತು, ನೇತಾಡುವ ರಬ್ಬರ್ ತುಂಡು ಇದ್ದರೆ ಕತ್ತರಿಸಿಬಿಡಿ.

ಇನ್ಶೂರೆನ್ಸ್ ನಂಬಿಕೊಂಡವರಿಗೆ: ಸಾಮಾನ್ಯ ಪಾಲಿಸಿಯಲ್ಲಿ ಟೈರ್ ಒಂದೇ ಹಾಳಾದರೆ ದುಡ್ಡು ಬರುವುದಿಲ್ಲ. ಅದೇ ಏಟಿಗೆ ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ ಕೊಡುತ್ತಾರೆ, ಅದೂ ಬೆಲೆಯ ಅರ್ಧದಷ್ಟು. ಟೈರಿಗೆ ಅಂತಲೇ ಬೇರೆ ಆಡ್-ಆನ್ ಸಿಗುತ್ತದೆ. ಸೀಳು, ಗಂಟು ಅದರಲ್ಲಿ ಬರುತ್ತದಾ, ಸವೆದ ಟೈರಿಗೆ ಎಷ್ಟು ಕಡಿತ ಮಾಡುತ್ತಾರೆ ಅಂತ ರಿನ್ಯೂವಲ್ ಸಮಯದಲ್ಲೇ ಏಜೆಂಟರ ಹತ್ತಿರ ಕೇಳಿಕೊಳ್ಳಿ.